ಕಾಯಿಲೆ ಬರುವ ಮೊದಲಿನ ಮಾತ್ರೆಗೆ ಯಾರ ದುಡ್ಡು?



2016ರ ಆಗಸ್ಟ್ ತಿಂಗಳ ಮೊದಲ ವಾರ ಲಂಡನ್ನಿನ ದಿನಪತ್ರಿಕೆಯೊಂದರ ಮುಖಪುಟದಲ್ಲಿ ಸಿಟ್ಟಿನ ಶೀರ್ಷಿಕೆಯೊಂದು ಬಂತು. ಅದರ ಸಾರ ಇಷ್ಟು: ವಯಸ್ಸಾದವರ ಕಣ್ಣಿನ ಪೊರೆ ತೆಗೆಯಲು ಸರ್ಕಾರ ಕೈ ಬಿಗಿಹಿಡಿಯುತ್ತದೆ, ಆದರೆ ವರ್ಷಕ್ಕೆ ಐದು ಸಾವಿರ ಪೌಂಡು ಬೀಳುವ ಮಾತ್ರೆಯನ್ನು ಆರೋಗ್ಯವಾಗಿರುವವರಿಗೆ ಪುಕ್ಕಟೆ ಹಂಚಬೇಕಂತೆ. ಅದೇ ವಾರ, ಆಗಸ್ಟ್ 2ರಂದು, ಅಲ್ಲಿನ ಹೈಕೋರ್ಟು ಆ ಮಾತ್ರೆಯ ಬಗ್ಗೆ ತೀರ್ಪು ಕೊಟ್ಟಿತ್ತು. ವಾದಿ ನ್ಯಾಷನಲ್ ಏಡ್ಸ್ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ, ಪ್ರತಿವಾದಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯನ್ನು ನಡೆಸುವ ಎನ್‌ಎಚ್‌ಎಸ್ ಇಂಗ್ಲೆಂಡ್. ಮಾತ್ರೆಯ ಹೆಸರು ಪ್ರೆಪ್. ಎಚ್‌ಐವಿ ಇಲ್ಲದವರು, ಆದರೆ ಅದು ತಗಲುವ ಸಂಭವ ಹೆಚ್ಚಿರುವವರು, ಮುಂಜಾಗ್ರತೆಯಾಗಿ ತೆಗೆದುಕೊಳ್ಳುವ ಔಷಧ ಅದು.

ಬಂದ ಕಾಯಿಲೆಗೆ ಸರ್ಕಾರ ಔಷಧ ಕೊಡಬೇಕು ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಬರಬಹುದಾದ ಕಾಯಿಲೆಗೆ, ಅದೂ ಎಚ್‌ಐವಿಯಂಥದಕ್ಕೆ, ಸಾರ್ವಜನಿಕರ ಹಣ ಖರ್ಚು ಮಾಡಬೇಕೆ? ಇವತ್ತಿನ ನನ್ನ ಮಾತು ಈ ಪ್ರಶ್ನೆಯ ಸುತ್ತ. ಮಾಡಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲು ಮಾತ್ರೆಯ ವಿಷಯ. ಅದರಲ್ಲಿ ಇರುವುದು ಎರಡು ಮದ್ದು: ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್. ಎರಡೂ ಹೊಸವಲ್ಲ, ಎಚ್‌ಐವಿ ಇರುವವರ ಚಿಕಿತ್ಸೆಯಲ್ಲಿ ವರ್ಷಗಟ್ಟಲೆ ಬಳಸಿ ಪಳಗಿದವು. ವೈರಾಣು ನಮ್ಮ ರಕ್ತದ ಬಿಳಿಕಣದೊಳಗೆ ಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳಬೇಕು. ಆ ನಕಲು ಆದರೆ ಮಾತ್ರ ಅದಕ್ಕೆ ಅಲ್ಲಿ ಶಾಶ್ವತ ನೆಲೆ. ನಕಲು ಮಾಡುವ ಕಿಣ್ವವನ್ನೇ ಈ ಮದ್ದುಗಳು ಕಟ್ಟಿಹಾಕುತ್ತವೆ. ಹಾಗಾಗಬೇಕಾದರೆ ವೈರಾಣು ಬರುವ ಹೊತ್ತಿಗೆ ಮದ್ದು ಜೀವಕೋಶದಲ್ಲಿ ಸಿದ್ಧವಾಗಿರಬೇಕು. ಲಸಿಕೆಯ ಹಾಗೆ ಒಮ್ಮೆ ಹಾಕಿಸಿಕೊಂಡು ಮರೆಯುವ ಬಾಬತ್ತಲ್ಲ ಇದು. ಶುರು ಮಾಡುವ ಮೊದಲು ಎಚ್‌ಐವಿ ಇಲ್ಲವೆಂದು ಖಾತ್ರಿಯಾಗಬೇಕು, ಮೂತ್ರಪಿಂಡದ ಪರೀಕ್ಷೆ ಆಗಬೇಕು, ಹೆಪಟೈಟಿಸ್ ಬಿ ಇದೆಯೇ ನೋಡಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಮತ್ತೆ ಎಚ್‌ಐವಿ ಪರೀಕ್ಷೆ. ಮಾತ್ರೆ ತಪ್ಪಿಸಿದವರಿಗೆ ರಕ್ಷಣೆಯೂ ತಪ್ಪುತ್ತದೆ.

ಇದು ಕೆಲಸ ಮಾಡುತ್ತದೆಯೇ ಎಂಬ ಬಗ್ಗೆ ಈಗ ಅನುಮಾನ ಉಳಿದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2012ರ ಜುಲೈನಲ್ಲೇ ಟ್ರುವಾಡಾ ಎಂಬ ಹೆಸರಿನ ಈ ಮಾತ್ರೆಗೆ ತಡೆಗಟ್ಟುವ ಔಷಧವಾಗಿ ಒಪ್ಪಿಗೆ ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ ಪ್ರೌಡ್ ಎಂಬ ಪ್ರಯೋಗ ನಡೆಯಿತು. ಹದಿಮೂರು ಕ್ಲಿನಿಕ್ಕುಗಳು, 544 ಮಂದಿ ಸಲಿಂಗಾಸಕ್ತ ಪುರುಷರು. ಅರ್ಧ ಜನಕ್ಕೆ ಮಾತ್ರೆ ಕೂಡಲೇ ಸಿಕ್ಕಿತು, ಉಳಿದವರಿಗೆ ಒಂದು ವರ್ಷ ಕಾಯಲು ಹೇಳಿದರು. 2014ರ ಅಕ್ಟೋಬರಿನಲ್ಲಿ ಪ್ರಯೋಗದ ಮೇಲ್ವಿಚಾರಕರು ಅಲ್ಲಿಯವರೆಗಿನ ಅಂಕಿಗಳನ್ನು ನೋಡಿ, ಕಾಯುವವರನ್ನು ಇನ್ನು ಕಾಯಿಸಬೇಡಿ, ಅವರಿಗೂ ಕೊಟ್ಟುಬಿಡಿ ಎಂದರು. ಲೆಕ್ಕ ಅಷ್ಟು ಸ್ಪಷ್ಟವಾಗಿತ್ತು. ಮಾತ್ರೆ ಸಿಕ್ಕವರಲ್ಲಿ ಮೂವರಿಗೆ ಎಚ್‌ಐವಿ ಬಂದಿತ್ತು. ಕಾಯುತ್ತ ಕುಳಿತವರಲ್ಲಿ ಇಪ್ಪತ್ತು ಮಂದಿಗೆ. ಅಂದರೆ ಅಪಾಯ ಶೇಕಡ 86ರಷ್ಟು ಕಡಿಮೆ. ಇಂಥ ಹದಿಮೂರು ಮಂದಿಗೆ ಒಂದು ವರ್ಷ ಮಾತ್ರೆ ಕೊಟ್ಟರೆ ಒಬ್ಬನಿಗೆ ಎಚ್‌ಐವಿ ಬರುವುದು ತಪ್ಪುತ್ತದೆ ಎಂದು ಆ ಸಂಶೋಧಕರು ಅಂದಾಜು ಮಾಡಿದರು.

ಈ ಹದಿಮೂರನ್ನು ಸ್ವಲ್ಪ ಗುಣಿಸಿ ನೋಡಿ. ಸಿಟ್ಟಾದ ಪತ್ರಿಕೆ ಹೇಳಿದ ದುಬಾರಿ ಬೆಲೆಯನ್ನೇ ಹಿಡಿದರೂ ಹದಿಮೂರು ಜನಕ್ಕೆ ವರ್ಷಕ್ಕೆ 65 ಸಾವಿರ ಪೌಂಡು. ಒಬ್ಬ ಎಚ್‌ಐವಿ ಸೋಂಕಿತನಿಗೆ ಜೀವಮಾನವಿಡೀ ಚಿಕಿತ್ಸೆ ಕೊಡಲು ಬ್ರಿಟನ್ನಿನಲ್ಲಿ ತಗಲುವ ವೆಚ್ಚ ಸುಮಾರು 3 ಲಕ್ಷ 60 ಸಾವಿರ ಪೌಂಡು ಎಂಬ ಅಂದಾಜು ಆಗ ಚಾಲ್ತಿಯಲ್ಲಿತ್ತು. ಇದೇನೂ ಪಕ್ಕಾ ವ್ಯಾಪಾರದ ಲೆಕ್ಕವಲ್ಲ. ಆ ಮೂರು ಲಕ್ಷ ಮುಂದಿನ ಹಲವು ದಶಕಗಳಿಗೆ ಹರಡಿದ ಖರ್ಚು, ಈ 65 ಸಾವಿರ ಈ ವರ್ಷವೇ ಕೈಬಿಡುವ ದುಡ್ಡು. ಅಪಾಯ ಒಂದೇ ವರ್ಷಕ್ಕೆ ಮುಗಿಯುವುದೂ ಇಲ್ಲ. ಖಜಾನೆಯ ಕಾರ್ಯದರ್ಶಿಗೆ ಈ ವರ್ಷದ ಖರ್ಚು ಕಣ್ಣಿಗೆ ಕಾಣುತ್ತದೆ, ಮೂವತ್ತು ವರ್ಷದ ಉಳಿತಾಯ ಕಾಣುವುದಿಲ್ಲ. ಆ ಹೊತ್ತಿಗೆ ಆತ ನಿವೃತ್ತನಾಗಿ ಪಿಂಚಣಿ ಎಣಿಸುತ್ತಿರುತ್ತಾನೆ.

ಹೀಗಿದ್ದೂ 2016ರ ಮಾರ್ಚಿನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ತಾನು ಈ ಮಾತ್ರೆಗೆ ಹಣ ಕೊಡುವುದಿಲ್ಲ ಎಂದು ಘೋಷಿಸಿತು. ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಅದು ಹೇಳಲಿಲ್ಲ. ಹೇಳಿದ್ದು, ಇದು ನಮ್ಮ ಇಲಾಖೆಯ ಕೆಲಸವಲ್ಲ ಎಂದು. 2012ರ ಕಾಯಿದೆಯೊಂದರ ಪ್ರಕಾರ, 2013ರಿಂದ ಅಲ್ಲಿ ರೋಗ ತಡೆಯುವ ಕೆಲಸ ಸ್ಥಳೀಯ ಸಂಸ್ಥೆಗಳ ಪಾಲಿಗೆ ಹೋಗಿತ್ತು. ಎಚ್‌ಐವಿ ಬಂದವರ ಚಿಕಿತ್ಸೆ ಎನ್‌ಎಚ್‌ಎಸ್ ಇಂಗ್ಲೆಂಡಿನದು. ಬರದ ಹಾಗೆ ನೋಡಿಕೊಳ್ಳುವುದು ನಗರಸಭೆಯದು. ನಗರಸಭೆಗಳನ್ನು ಕೇಳಿದರೆ, ನಮ್ಮ ಅನುದಾನವನ್ನೇ ಕತ್ತರಿಸಿದ್ದೀರಿ, ಹಣ ಎಲ್ಲಿಂದ ತರೋಣ ಎಂದವು. ಸಮಾಧಾನಕ್ಕೆಂಬಂತೆ ಎನ್‌ಎಚ್‌ಎಸ್ ಎರಡು ವರ್ಷಕ್ಕೆ 20 ಲಕ್ಷ ಪೌಂಡು ತೆಗೆದಿಟ್ಟು, ಇನ್ನೂ ಐನೂರು ಮಂದಿಗೆ ಪ್ರಾಯೋಗಿಕವಾಗಿ ಕೊಡುತ್ತೇವೆ ಎಂದಿತು. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ವರ್ಷಕ್ಕೆ ಆರು ಸಾವಿರದಷ್ಟು ಹೊಸ ಎಚ್‌ಐವಿ ಪ್ರಕರಣಗಳು ಪತ್ತೆಯಾಗುತ್ತಿದ್ದವು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ನಮ್ಮ ಗಾದೆ ಹೈಕೋರ್ಟಿನಲ್ಲಿ ಈ ವ್ಯಾಜ್ಯ ಕೇಳಿದ ನ್ಯಾಯಮೂರ್ತಿ ಗ್ರೀನ್ ಅವರಿಗೆ ಗೊತ್ತಿರಲಾರದು. ಆದರೆ ತೀರ್ಪಿನ ಆರಂಭದಲ್ಲೇ ಅವರು ಬರೆದದ್ದು ಅದನ್ನೇ. ಒಂದು ಸರ್ಕಾರಿ ಸಂಸ್ಥೆ ತನಗೆ ಅಧಿಕಾರವಿಲ್ಲ ಎನ್ನುತ್ತದೆ, ಇನ್ನೊಂದು ತನ್ನ ಬಳಿ ಹಣವಿಲ್ಲ ಎನ್ನುತ್ತದೆ, ನಡುವೆ ನರಳುವವರು ಎಚ್‌ಐವಿ ಬರದೆ ಇರಬಹುದಾಗಿದ್ದ ಜನ ಎಂಬುದು ಅವರ ಮಾತಿನ ತಿರುಳು. ಅವರು ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿದರು. ಬಳಸಿದ ಸೂಜಿ ಚುಚ್ಚಿಕೊಂಡ ನರ್ಸಿಗೆ, ಅಪಾಯಕ್ಕೆ ಒಡ್ಡಿಕೊಂಡ ಯಾರಿಗೇ ಆಗಲಿ, 72 ಗಂಟೆಯೊಳಗೆ ಶುರುಮಾಡಿ 28 ದಿನ ಕೊಡುವ ಇನ್ನೊಂದು ಕ್ರಮವಿದೆ, ಅದು ಪೆಪ್. ಅದಕ್ಕೆ ಎನ್‌ಎಚ್‌ಎಸ್ ಇಂಗ್ಲೆಂಡ್ ಮೊದಲಿನಿಂದಲೂ ಹಣ ಕೊಡುತ್ತಿತ್ತು. ಎರಡರಲ್ಲೂ ಮದ್ದು ಮಾಡುವ ಕೆಲಸ ಒಂದೇ: ಒಳಗೆ ಬಂದ ವೈರಾಣು ನೆಲೆಯೂರದಂತೆ ತಡೆಯುವುದು. ಒಂದಕ್ಕೆ ಅಧಿಕಾರವಿದ್ದರೆ ಇನ್ನೊಂದಕ್ಕೂ ಇದೆ. ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಈ ತೀರ್ಪನ್ನು ಎತ್ತಿಹಿಡಿಯಿತು. ನೆನಪಿಡಬೇಕಾದ್ದು ಏನೆಂದರೆ, ಕೊಡಲೇಬೇಕು ಎಂದು ಕೋರ್ಟು ಹೇಳಲಿಲ್ಲ. ಕೊಡುವ ಅಧಿಕಾರ ನಿಮಗಿದೆ, ಇಲ್ಲವೆಂದು ಜಾರಿಕೊಳ್ಳಬೇಡಿ ಎಂದಿತು, ಅಷ್ಟೆ.

ಕೋರ್ಟು ಕಚೇರಿ ಶುರುವಾಗುವ ಮೊದಲೂ ಜನ ಸುಮ್ಮನೆ ಕುಳಿತಿರಲಿಲ್ಲ. ಕತೆಯಲ್ಲಿ ನಮ್ಮ ದೇಶ ಬರುವುದು ಇಲ್ಲಿ. ಗ್ರೆಗ್ ಓವನ್ ಎಂಬಾತ 2015ರಲ್ಲಿ ಈ ಮಾತ್ರೆ ಶುರುಮಾಡಬೇಕೆಂದು ಕ್ಲಿನಿಕ್ಕಿಗೆ ಹೋದ. ಮೊದಲಿನ ಪರೀಕ್ಷೆಯಲ್ಲೇ, ತನಗೆ ಆಗಲೇ ಎಚ್‌ಐವಿ ತಗಲಿದೆ ಎಂದು ಗೊತ್ತಾಯಿತು. ಅವನು ಅದನ್ನು ಮುಚ್ಚಿಡಲಿಲ್ಲ. ಎಲ್ಲರಿಗೂ ಹೇಳಿದ, ಗೆಳೆಯನೊಬ್ಬನ ಜೊತೆ ಸೇರಿ ಆ ಅಕ್ಟೋಬರಿನಲ್ಲಿ ಒಂದು ಜಾಲತಾಣ ತೆರೆದ. ಅಲ್ಲಿದ್ದದ್ದು ಸರಳ ಮಾಹಿತಿ: ಇದೇ ಮದ್ದನ್ನು ಭಾರತದ ಕಂಪನಿಗಳು ಬೇರೆ ಹೆಸರಿನಲ್ಲಿ ತಯಾರಿಸುತ್ತವೆ, ಹೀಗೆ ತರಿಸಿಕೊಳ್ಳಬಹುದು, ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಬ್ರಿಟನ್ನಿನ ಕಾನೂನು ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಔಷಧವನ್ನು ಹೊರದೇಶದಿಂದ ತರಿಸಿಕೊಳ್ಳಲು ಬಿಡುತ್ತದೆ. ಎನ್‌ಎಚ್‌ಎಸ್‌ಗೆ ತಿಂಗಳಿಗೆ ಸುಮಾರು ನಾನೂರು ಪೌಂಡಿನ ಪಟ್ಟಿಬೆಲೆಯಿದ್ದ ಮಾತ್ರೆ ಹೀಗೆ ನಲವತ್ತೈದು ಐವತ್ತು ಪೌಂಡಿಗೆ ಅಂಚೆಯಲ್ಲಿ ಮನೆಬಾಗಿಲಿಗೆ ಬರತೊಡಗಿತು. ಹೆಚ್ಚಿನ ಪೊಟ್ಟಣಗಳ ಮೇಲೆ ಇದ್ದ ಹೆಸರು ಟೆನ್ವಿರ್-ಇಎಂ, ನಮ್ಮ ಸಿಪ್ಲಾ ಕಂಪನಿಯದು.

ಆನ್‌ಲೈನಿನಲ್ಲಿ ಬಂದ ಮಾತ್ರೆ ನಕಲಿಯಿದ್ದರೆ? ಈ ಭಯ ವೈದ್ಯರಿಗೂ ಇತ್ತು. ಲಂಡನ್ನಿನ ಸೋಹೋದಲ್ಲಿ ಡೀನ್ ಸ್ಟ್ರೀಟಿನ 56ನೇ ಸಂಖ್ಯೆಯ ಕಟ್ಟಡದಲ್ಲಿ ಒಂದು ಲೈಂಗಿಕ ಆರೋಗ್ಯ ಕ್ಲಿನಿಕ್ ಇದೆ, ಅದು ಎನ್‌ಎಚ್‌ಎಸ್‌ಗೇ ಸೇರಿದ್ದು. ಅಲ್ಲಿನ ವೈದ್ಯರು ಸರ್ಕಾರದ ಖರ್ಚಿನಲ್ಲಿ ಮಾತ್ರೆ ಬರೆದುಕೊಡುವಂತಿರಲಿಲ್ಲ. ಆದರೆ ತರಿಸಿಕೊಂಡವರ ರಕ್ತ ತೆಗೆದು, ಅದರಲ್ಲಿ ಮದ್ದಿನ ಪ್ರಮಾಣ ಸರಿಯಾಗಿದೆಯೇ ಎಂದು ಅಳೆದುಕೊಟ್ಟರು. ಪ್ರಮಾಣ ಸರಿಯಾಗಿತ್ತು, ನಕಲಿ ಮಾತ್ರೆ ಸಿಗಲಿಲ್ಲ. ಸರ್ಕಾರದ ಒಂದು ಕೈ ಕೊಡಲಾರೆ ಎಂದ ಮಾತ್ರೆ ಮೈಯಲ್ಲಿ ಕೆಲಸ ಮಾಡುತ್ತಿದೆ ಎಂದು ಸರ್ಕಾರದ್ದೇ ಇನ್ನೊಂದು ಕೈ ಪ್ರಮಾಣಪತ್ರ ಕೊಡುತ್ತಿತ್ತು.

2016ರಲ್ಲಿ ಲಂಡನ್ನಿನ ಕೆಲವು ದೊಡ್ಡ ಕ್ಲಿನಿಕ್ಕುಗಳಲ್ಲಿ ಸಲಿಂಗಾಸಕ್ತ ಪುರುಷರ ಹೊಸ ಎಚ್‌ಐವಿ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಶೇಕಡ 40ರಷ್ಟು ಇಳಿದವು. ಇಡೀ ಬ್ರಿಟನ್ನಿನ ಒಟ್ಟು ಸಂಖ್ಯೆ ಒಂದೇ ವರ್ಷದಲ್ಲಿ ಶೇಕಡ 18 ಇಳಿಯಿತು. ಇದರ ಕೀರ್ತಿಯನ್ನೆಲ್ಲ ಮಾತ್ರೆಗೆ ಕೊಡುವುದು ಸರಿಯಲ್ಲ. ಮೇಲಿಂದ ಮೇಲೆ ಪರೀಕ್ಷೆ, ಸೋಂಕು ಕಂಡ ಕೂಡಲೇ ಚಿಕಿತ್ಸೆ, ಇವೂ ಆಗಲೇ ಚುರುಕಾಗಿದ್ದವು. ಚಿಕಿತ್ಸೆಯಲ್ಲಿದ್ದು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಆದರೂ ಅಂಚೆಯಲ್ಲಿ ಬಂದ ಭಾರತದ ಮಾತ್ರೆಗಳಿಗೆ ಈ ಇಳಿತದಲ್ಲಿ ಪಾಲಿದೆ ಎಂಬುದನ್ನು ಅಲ್ಲಿನ ವೈದ್ಯರೇ ಒಪ್ಪಿದರು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. 2017ರ ಜುಲೈನಲ್ಲಿ ಸ್ಕಾಟ್ಲೆಂಡ್ ಯಾವ ಗಲಾಟೆಯೂ ಇಲ್ಲದೆ ಮಾತ್ರೆ ಕೊಡತೊಡಗಿತು. ಇಂಗ್ಲೆಂಡ್ ಅದೇ ವರ್ಷದ ಅಕ್ಟೋಬರಿನಲ್ಲಿ ಇಂಪ್ಯಾಕ್ಟ್ ಎಂಬ ಇನ್ನೊಂದು ಪ್ರಯೋಗ ತೆರೆಯಿತು. ಮೊದಲು ಹತ್ತು ಸಾವಿರ ಜನಕ್ಕೆ ಎಂದದ್ದು ಸಾಲದೆ ಹದಿಮೂರು ಸಾವಿರವಾಗಿ, ಕೊನೆಗೆ ಇಪ್ಪತ್ತಾರು ಸಾವಿರಕ್ಕೆ ಏರಿತು. ಕಾದು ನಿಂತವರ ಸಾಲು ಮಾತ್ರ ಕರಗಲಿಲ್ಲ. 2018ರಲ್ಲಿ ಪೇಟೆಂಟ್ ರಕ್ಷಣೆ ಕೋರ್ಟಿನಲ್ಲಿ ಬಿದ್ದು ಅಗ್ಗದ ಮಾತ್ರೆಗಳು ಅಧಿಕೃತವಾಗಿಯೇ ಬಂದವು. ಎಲ್ಲರಿಗೂ ನಿಯಮಿತವಾಗಿ ಕೊಡುವ ವ್ಯವಸ್ಥೆ ಆದದ್ದು 2020ರಲ್ಲಿ, ಪ್ರೌಡ್ ಪ್ರಯೋಗದ ಫಲಿತಾಂಶ ಗೊತ್ತಾಗಿ ಐದು ವರ್ಷದ ಮೇಲೆ.

ಈಗ ಬೇಡ ಎನ್ನುವವರ ವಾದಕ್ಕೆ ಬರೋಣ. ಮೊದಲನೆಯದು ಎಲ್ಲರ ನಾಲಿಗೆ ತುದಿಯಲ್ಲಿರುವುದು: ಯಾರದೋ ಚಟಕ್ಕೆ, ಯಾರದೋ ಮೋಜಿಗೆ ನನ್ನ ತೆರಿಗೆ ಹಣ ಯಾಕೆ? ಈ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದೇ ಅಳತೆಗೋಲನ್ನು ಆಸ್ಪತ್ರೆಯ ಉಳಿದ ವಾರ್ಡುಗಳಿಗೂ ಹಿಡಿಯಬೇಕಲ್ಲ? ಬೀಡಿ ಸೇದಿ ಶ್ವಾಸಕೋಶ ಸುಟ್ಟುಕೊಂಡವನಿಗೆ ಸರ್ಕಾರಿ ಆಸ್ಪತ್ರೆ ಹಾಸಿಗೆ ಕೊಡುತ್ತದೆ. ಹೆಲ್ಮೆಟ್ ಇಲ್ಲದೆ ಬಿದ್ದವನ ತಲೆಗೆ ಹೊಲಿಗೆ ಹಾಕುತ್ತದೆ. ಕೊಲೆಸ್ಟರಾಲ್ ಇಳಿಸುವ ಮಾತ್ರೆಯನ್ನು ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಜನ ಸರ್ಕಾರದ ಖರ್ಚಿನಲ್ಲಿ ನುಂಗುತ್ತಾರೆ, ಅವರಲ್ಲಿ ಬಹಳಷ್ಟು ಜನಕ್ಕೆ ಹೃದಯಾಘಾತ ಇನ್ನೂ ಆಗಿಲ್ಲ, ನೀವು ಏನು ತಿಂದಿರಿ ಎಂದು ಯಾರೂ ಕೇಳುವುದಿಲ್ಲ. ಗರ್ಭನಿರೋಧಕ ಮಾತ್ರೆ ಅಲ್ಲಿ 1974ರಿಂದ ಉಚಿತ. ಅದು ಬಂದಾಗಲೂ ಇದೇ ಮಾತು, ಇದೇ ಸಿಟ್ಟು ಕೇಳಿಬಂದಿತ್ತು. ನಮ್ಮ ದೇಶದ ವಿಷಯ ಹೇಳುವುದಾದರೆ, 1968ರಿಂದ ನಿರೋಧ್ ಮಾರುತ್ತ, ಹಂಚುತ್ತ ಬಂದಿರುವ ಸರ್ಕಾರ ನಮ್ಮದು. ಮಂಚದ ವ್ಯವಹಾರ ಖಾಸಗಿಯಾದರೂ ಅಲ್ಲಿಂದ ಹರಡುವ ಸೋಂಕು ಊರಿನ ವ್ಯವಹಾರ ಎಂಬುದನ್ನು ನಾವು ಒಪ್ಪಿಕೊಂಡು ಐವತ್ತು ವರ್ಷ ದಾಟಿದೆ.

ಮಾತ್ರೆ ಸಿಕ್ಕರೆ ಕಾಂಡೋಮ್ ಬಿಡುತ್ತಾರೆ, ಗೊನೋರಿಯಾ, ಸಿಫಿಲಿಸ್ ಹೆಚ್ಚುತ್ತದೆ ಎಂಬುದು ಎರಡನೆಯ ವಾದ. ಇದರಲ್ಲಿ ಸತ್ಯಾಂಶವಿದೆ. ಈ ಮಾತ್ರೆ ತಡೆಯುವುದು ಎಚ್‌ಐವಿಯನ್ನು ಮಾತ್ರ. ಆದರೆ ಮಾತ್ರೆಗೆಂದು ಮೂರು ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಬರುವವನ ಸಿಫಿಲಿಸ್ ಅಲ್ಲೇ ಪತ್ತೆಯಾಗುತ್ತದೆ, ಅಲ್ಲೇ ವಾಸಿಯಾಗುತ್ತದೆ. ಬಾರದೆ ಅಡಗಿ ಓಡಾಡುವವನದು ಊರೆಲ್ಲ ಸುತ್ತುತ್ತದೆ. ವೈರಾಣು ಔಷಧಕ್ಕೆ ಒಗ್ಗಿಕೊಂಡುಬಿಟ್ಟರೆ ಎಂಬ ಆತಂಕವೂ ಉಂಟು. ಎಚ್‌ಐವಿ ಆಗಲೇ ಇದ್ದು, ಅದು ಗೊತ್ತಿಲ್ಲದೆ ಈ ಎರಡೇ ಮದ್ದು ನುಂಗುವವರಲ್ಲಿ ಆ ಅಪಾಯ ಹೆಚ್ಚು. ಹಾಗಾಗಿ ಪರೀಕ್ಷೆಯಿಲ್ಲದೆ ಮಾತ್ರೆ ಕೊಡಬಾರದು. ಖಾಸಗಿಯಾಗಿ, ಗುಟ್ಟಾಗಿ, ಚೀಟಿಯಿಲ್ಲದೆ ತರಿಸಿಕೊಳ್ಳುವಾಗ ತಪ್ಪಿಹೋಗುವುದು ಈ ಪರೀಕ್ಷೆಯೇ. ಸರ್ಕಾರ ತನ್ನ ಕೈಗೆ ತೆಗೆದುಕೊಳ್ಳಬೇಕು ಎನ್ನಲು ಇದೊಂದೇ ಕಾರಣ ಸಾಕು.

ನನಗೆ ನಿಜವಾಗಿ ತೊಡಕೆನಿಸುವುದು ಮೂರನೆಯ ವಾದ. ಹೈಕೋರ್ಟಿನ ತೀರ್ಪು ಬಂದ ದಿನವೇ ಎನ್‌ಎಚ್‌ಎಸ್ ಇಂಗ್ಲೆಂಡ್ ಒಂದು ಹೇಳಿಕೆ ಕೊಟ್ಟಿತು. ಈ ಮಾತ್ರೆಗೆ ಹಣ ಕೊಟ್ಟರೆ ಇನ್ನು ಕೆಲವು ಚಿಕಿತ್ಸೆಗಳಿಗೆ ಹಣ ಸಿಗದೆ ಹೋಗಬಹುದು ಎಂದು ಅವುಗಳ ಪಟ್ಟಿಯನ್ನೇ ಮುಂದಿಟ್ಟಿತು. ಅದರಲ್ಲಿ ಕಿವುಡು ಮಕ್ಕಳಿಗೆ ಅಳವಡಿಸುವ ಸಾಧನವಿತ್ತು, ಸಿಸ್ಟಿಕ್ ಫೈಬ್ರೋಸಿಸ್ ಇರುವ ಪುಟ್ಟ ಮಕ್ಕಳ ಔಷಧವಿತ್ತು. ಒಬ್ಬ ತಾಯಿಯನ್ನು ಇನ್ನೊಬ್ಬ ರೋಗಿಯ ಎದುರು ಹೀಗೆ ನಿಲ್ಲಿಸಿದ್ದು ಕ್ರೂರ ಎಂದು ಬಹಳ ಜನ ಟೀಕಿಸಿದರು. ನನಗೂ ಅದು ಒರಟು ಎನಿಸುತ್ತದೆ. ಆದರೆ ಸುಳ್ಳು ಎನ್ನಲಾರೆ. ಬಜೆಟ್ಟಿಗೆ ಅಂಚಿದೆ. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಸರದಿ ಕಾಯುವವನು, ಆರೋಗ್ಯವಾಗಿರುವವನಿಗೆ ಮಾತ್ರೆ ಯಾಕೆ ಎಂದು ಕೇಳಿದರೆ ಅವನನ್ನು ಗದರಿಸುವ ಹಕ್ಕು ನಮಗಿಲ್ಲ.

ಅವನಿಗೆ ಕೊಡಬಹುದಾದ ಉತ್ತರ ಬೆಲೆಯಲ್ಲಿದೆ. ಪಟ್ಟಿಬೆಲೆಗೂ ಭಾರತದ ಬೆಲೆಗೂ ಎಂಟು ಒಂಬತ್ತು ಪಟ್ಟು ವ್ಯತ್ಯಾಸ ಇತ್ತೆಂದರೆ, ಮಕ್ಕಳ ಹಣವನ್ನು ಕಸಿಯುತ್ತಿದ್ದದ್ದು ಮಾತ್ರೆ ನುಂಗುವವನಲ್ಲ, ಅದರ ಪೇಟೆಂಟು. ಈ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ಚರಿತ್ರೆಯೇ ಇದೆ. 2001ರ ಫೆಬ್ರುವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಎಚ್‌ಐವಿ ಚಿಕಿತ್ಸೆಯ ಮೂರು ಔಷಧಗಳನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಗಡಿಯಿಲ್ಲದ ವೈದ್ಯರ ಸಂಘಕ್ಕೆ ತಿಳಿಸಿದರು. ಆಗ ಪಾಶ್ಚಾತ್ಯ ಕಂಪನಿಗಳ ಬೆಲೆ ಹತ್ತು ಸಾವಿರ ಡಾಲರಿಗೂ ಮೇಲೆ. 2009ರಲ್ಲಿ ನಮ್ಮ ಪೇಟೆಂಟ್ ಕಚೇರಿ ಟೆನೊಫೊವಿರ್ ಮೇಲೆ ಅಮೆರಿಕದ ಗಿಲಿಯಡ್ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ತಳ್ಳಿಹಾಕಿತು. ಆ ಅರ್ಜಿಯನ್ನು ವಿರೋಧಿಸಿದವರಲ್ಲಿ ಔಷಧ ಕಂಪನಿಯಷ್ಟೇ ಅಲ್ಲ, ಎಚ್‌ಐವಿಯೊಂದಿಗೆ ಬದುಕುತ್ತಿರುವ ಜನರ ಸಂಘಟನೆಗಳೂ ಇದ್ದವು. ಸೋಹೋದ ಯುವಕನ ಮನೆಗೆ ಅಂಚೆಯಲ್ಲಿ ಮಾತ್ರೆ ಹೋದದ್ದು ಇವರ ಪ್ರಯತ್ನದ ಫಲ.

ಲಂಡನ್ನಿನವರಿಗೆ ಮಾತ್ರೆ ಕಳಿಸಿಕೊಟ್ಟ ದೇಶದಲ್ಲಿ ಅದು ಯಾರಿಗೆ ಸಿಗುತ್ತಿದೆ? ಮೈಸೂರಿಗೆ ಹೋಗೋಣ.

ಮೈಸೂರಿನಲ್ಲಿ ಆಶೋದಯ ಸಮಿತಿ ಎಂಬ ಸಂಸ್ಥೆಯಿದೆ. 2004ರಲ್ಲಿ ಶುರುವಾದ ಅದನ್ನು ನಡೆಸುವವರು ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರು, ಪುರುಷರು, ಲಿಂಗತ್ವ ಅಲ್ಪಸಂಖ್ಯಾತರೇ. ಕಾಂಡೋಮ್ ಹಂಚುವುದು, ಪರೀಕ್ಷೆಗೆ ಕರೆತರುವುದು, ಪೊಲೀಸು, ರೌಡಿಗಳ ಕಾಟವಾದರೆ ಓಡಿಹೋಗಿ ನಿಲ್ಲುವುದು, ಹೀಗೆ ಬೆಳೆದ ಸಂಸ್ಥೆ.  2016ರಿಂದ 2018ರ ನಡುವೆ ಈ ಸಂಸ್ಥೆ ಮೈಸೂರು, ಮಂಡ್ಯಗಳಲ್ಲಿ ಸುಮಾರು 650 ಮಹಿಳೆಯರಿಗೆ ದಿನಕ್ಕೊಂದರಂತೆ ಪ್ರೆಪ್ ಮಾತ್ರೆ ಕೊಟ್ಟು ನೋಡಿತು. ಅದೇ ಹೊತ್ತಿಗೆ ಕೋಲ್ಕತ್ತದ ಸೋನಾಗಾಚಿಯಲ್ಲಿ ದುರ್ಬಾರ್ ಎಂಬ ಇಂಥದೇ ಸಂಸ್ಥೆ ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಕೊಟ್ಟಿತು.

ಈ ಮಾತ್ರೆ ಗಂಡಸಿಗಿಂತ ಹೆಣ್ಣಿಗೆ ಯಾಕೆ ಹೆಚ್ಚು ಬೇಕು ಎಂಬುದು ಇಲ್ಲಿ ಅರ್ಥವಾಗುತ್ತದೆ. ಕಾಂಡೋಮ್ ಹಾಕುವವನು ಗಂಡಸು. ಕುಡಿದು ಬಂದ ಗಿರಾಕಿ ಹಾಕಲೊಲ್ಲೆ ಎಂದರೆ, ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ ಬೇಡ ಎಂದರೆ, ಇಬ್ಬರು ಮೂವರು ಸೇರಿ ಎಳೆದುಕೊಂಡು ಹೋದರೆ, ಅವಳ ಚೀಲದಲ್ಲಿರುವ ಕಾಂಡೋಮ್ ಏನು ಮಾಡೀತು? ಗಿರಾಕಿಯ ಜೊತೆ ತಪ್ಪದೆ ಬಳಸುವವಳೂ ತನ್ನವನು ಎಂದು ನಂಬಿದವನ ಜೊತೆ ಬಳಸುವುದಿಲ್ಲ. ಬೆಳಗ್ಗೆ ಊಟದ ಜೊತೆ ನುಂಗಿದ ಮಾತ್ರೆಗೆ ಯಾರ ಒಪ್ಪಿಗೆಯೂ ಬೇಡ. ಮಾತ್ರೆಯದೂ ಒಂದು ತೊಂದರೆ ಉಂಟು. ಎಚ್‌ಐವಿ ಮಾತ್ರೆ ನುಂಗುವುದನ್ನು ಕಂಡವರು ಅವಳಿಗೆ ಕಾಯಿಲೆ ಇದೆ ಎಂದೇ ತಿಳಿಯುತ್ತಾರೆ. ಮನೆಯಲ್ಲಿ ಡಬ್ಬಿ ಸಿಕ್ಕರೆ ರಂಪ. ಹಾಗಾಗಿ ಇಂಥ ಕಡೆ ಬಿಳಿ ಕೋಟಿನ ವೈದ್ಯರ ಉಪದೇಶಕ್ಕಿಂತ, ಅದೇ ಬೀದಿಯಲ್ಲಿ ನಿಲ್ಲುವ ಗೆಳತಿ ಬಂದು, ಇವತ್ತು ನುಂಗಿದೆಯಾ ಎಂದು ಕೇಳುವುದೇ ಹೆಚ್ಚು ಕೆಲಸ ಮಾಡುತ್ತದೆ. ಆಶೋದಯದಲ್ಲಿ ನಡೆದದ್ದೂ ಹಾಗೆಯೇ. ಶುರುಮಾಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೊನೆಯವರೆಗೆ ಉಳಿದರು. ಎರಡೂ ಊರುಗಳಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಹೋಲಿಸಿ ನೋಡಲು ಮಾತ್ರೆಯಿಲ್ಲದ ಬೇರೆ ಗುಂಪು ಇರಲಿಲ್ಲ, ಆದ್ದರಿಂದ ಇದನ್ನು ಪವಾಡ ಎಂದು ಸಾರುವುದು ಬೇಡ. ನಮ್ಮ ಹೆಣ್ಣುಮಕ್ಕಳು ದಿನಾ ಮಾತ್ರೆ ನುಂಗಲಾರರು ಎಂದು ಕಚೇರಿಯಲ್ಲಿ ಕೂತು ಹೇಳುವವರಿಗೆ ಮಾತ್ರ ಇದು ತಕ್ಕ ಉತ್ತರ.

ಆ ಯೋಜನೆಯ ಹಣ ಬಂದದ್ದು ಗೇಟ್ಸ್ ಪ್ರತಿಷ್ಠಾನದಿಂದ. ಯೋಜನೆಗಳಿಗೆ ಅವಧಿಯಿರುತ್ತದೆ, ಅವಧಿ ಮುಗಿಯುತ್ತದೆ. ಇವತ್ತು ನಮ್ಮಲ್ಲಿ ಪ್ರೆಪ್ ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ಬರೆದುಕೊಡುವ ಖಾಸಗಿ ವೈದ್ಯರು ಬೆಂಗಳೂರಿನಂಥ ಊರಿನಲ್ಲಿದ್ದಾರೆ. ದುಡ್ಡಿರುವವನು, ಇಂಗ್ಲಿಷ್ ಬಲ್ಲವನು, ಅಪಾರ್ಟ್‌ಮೆಂಟಿನಲ್ಲಿರುವವನು ಕೊಂಡುಕೊಳ್ಳುತ್ತಾನೆ. ಬಸ್ ನಿಲ್ದಾಣದ ಹಿಂದೆ ನಿಲ್ಲುವವಳಿಗೆ, ಬಾಗಲಕೋಟೆಯ ಹಳ್ಳಿಯ ದಮನಿತ ಮಹಿಳೆಗೆ, ಟೋಲ್‌ಗೇಟಿನಲ್ಲಿ ಕೈಚಾಚುವ ಹಿಜ್ರಾಗೆ ಅದು ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆಯಷ್ಟು ಸುಲಭವಾಗಿ, ಉಚಿತವಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಮಾತ್ರೆ ಸಿಗುವ ಜಾಗಕ್ಕೂ ಸೋಂಕು ಹರಡುವ ಜಾಗಕ್ಕೂ ಸಂಬಂಧವೇ ಇಲ್ಲದಂತಾಗಿದೆ.

ಭಾರತದಲ್ಲಿ ಈಗ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ವರ್ಷಕ್ಕೆ ಅರವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಹೊಸದಾಗಿ ತಗಲುತ್ತಿದೆ. ಸೋಂಕಿತರು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2004ರ ಏಪ್ರಿಲ್ 1ರಿಂದ ಸರ್ಕಾರ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ, ಹದಿನೇಳು ಲಕ್ಷಕ್ಕೂ ಹೆಚ್ಚು ಜನ ಅದನ್ನು ಪಡೆಯುತ್ತಿದ್ದಾರೆ. ಇದು ಸಣ್ಣ ಸಾಧನೆಯಲ್ಲ. ಇನ್ನೊಂದು ಅನುಕೂಲವೂ ನಮಗಿದೆ. ಇಂಗ್ಲೆಂಡಿನಲ್ಲಿ ತಡೆಯುವವರು ಒಬ್ಬರು, ಚಿಕಿತ್ಸೆ ಕೊಡುವವರು ಇನ್ನೊಬ್ಬರು ಆಗಿದ್ದರಿಂದ ವ್ಯಾಜ್ಯ ಹುಟ್ಟಿತು. ನಮ್ಮಲ್ಲಿ ಎರಡೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ, ಅಂದರೆ ನ್ಯಾಕೋದ ಕೈಯಲ್ಲಿವೆ. ಕಾಂಡೋಮಿಗೂ ಅದೇ, ಎಆರ್‌ಟಿಗೂ ಅದೇ. ಇವತ್ತು ತಡೆದ ಸೋಂಕಿನ ಉಳಿತಾಯ ನಾಳೆ ಅದೇ ಸಂಸ್ಥೆಯ ಖಾತೆಗೆ ಬೀಳುತ್ತದೆ. ಇದು ನಮ್ಮ ಇಲಾಖೆಯದಲ್ಲ ಎಂದು ಹೇಳಲು ಇಲ್ಲಿ ಯಾರಿಗೂ ಆಸ್ಪದವಿಲ್ಲ.

ಮಾತ್ರೆಯ ಕಾಲವೂ ಬದಲಾಗುತ್ತಿದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಾಪವಿರ್ ಎಂಬ ಔಷಧ ಬಂದಿದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದ ಪ್ರಯೋಗದಲ್ಲಿ ಅದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಡಬ್ಬಿ ಬಚ್ಚಿಡುವ ಗೋಜಿಲ್ಲ, ಮರೆಯುವ ಭಯವಿಲ್ಲ. ಅಮೆರಿಕದಲ್ಲಿ 2025ರ ಜೂನಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಾಗ ಇಟ್ಟ ಬೆಲೆ ವರ್ಷಕ್ಕೆ 28 ಸಾವಿರ ಡಾಲರಿಗೂ ಹೆಚ್ಚು, ಅಂದರೆ ಸುಮಾರು 24 ಲಕ್ಷ ರೂಪಾಯಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಾಕ್ಟರ್ ರೆಡ್ಡೀಸ್ ಮತ್ತು ಹೆಟೆರೋ ಕಂಪನಿಗಳು ಬಡದೇಶಗಳಿಗೆ ಅದನ್ನು 2027ರಿಂದ ವರ್ಷಕ್ಕೆ 40 ಡಾಲರಿಗೆ ಕೊಡುವುದಾಗಿ ಪ್ರಕಟವಾಯಿತು. ಮೂರೂವರೆ ಸಾವಿರ ರೂಪಾಯಿ. ಎರಡೂ ಹೈದರಾಬಾದಿನ ಕಂಪನಿಗಳು.

ಸರ್ಕಾರ ಕೊಡಲಿ ಎಂದಾಗ ಎಲ್ಲರಿಗೂ ಮನೆಮನೆಗೂ ಹಂಚಲಿ ಎಂದು ನಾನು ಹೇಳುತ್ತಿಲ್ಲ. ಎಆರ್‌ಟಿ ಮಾತ್ರೆಯ ದಾಸ್ತಾನು ಒಂದು ದಿನವೂ ತಪ್ಪಬಾರದು, ಅದು ಮೊದಲು. ಅದರ ಪಕ್ಕದಲ್ಲೇ, ಅದೇ ಆಪ್ತಸಮಾಲೋಚಕರ ಕೋಣೆಯಲ್ಲಿ, ಅಪಾಯ ಹೆಚ್ಚಿರುವವರಿಗೆ ಪರೀಕ್ಷೆಯ ಜೊತೆಗೆ ಪ್ರೆಪ್ ಉಚಿತವಾಗಿ ಸಿಗಲಿ. ಗಂಡನಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಈಗಷ್ಟೇ ಶುರುವಾಗಿರುವ ಮನೆಯ ಹೆಂಡತಿಗೂ ಸಿಗಲಿ. ಹಂಚುವ ಕೆಲಸವನ್ನು ಆಶೋದಯದಂಥ ಸಂಸ್ಥೆಗಳಿಗೆ ವಹಿಸಲಿ. ಕರ್ನಾಟಕ ಸರ್ಕಾರ ದೆಹಲಿಯ ಆದೇಶಕ್ಕೆ ಕಾಯದೆ ನಾಲ್ಕೈದು ಜಿಲ್ಲೆಗಳಲ್ಲಿ ತನ್ನ ಹಣದಲ್ಲೇ ಇದನ್ನು ಶುರುಮಾಡಬಹುದು.

ಕೇಳುತ್ತಿರುವ ನಿಮಗೆ ಒಂದು ಮಾತು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಫಲಿತಾಂಶವನ್ನು ಗುಟ್ಟಾಗಿಡುತ್ತಾರೆ, ಎಚ್‌ಐವಿ ಕುರಿತ 2017ರ ಕಾಯಿದೆಯೂ ಅದನ್ನೇ ಹೇಳುತ್ತದೆ. ಅನುಮಾನವಿದ್ದರೆ, ಕೇಳಲು ಸಂಕೋಚವಿದ್ದರೆ, ನ್ಯಾಕೋದ ಸಹಾಯವಾಣಿಯಿದೆ. ಸಂಖ್ಯೆ 1097. ಕರೆಗೆ ದುಡ್ಡು ಬೀಳುವುದಿಲ್ಲ.